ಬೇರಿನ ತುಕ್ಕು

ಕೊತ್ತತ್ತಿ ನಾಲೆಯ ಕೆಳಗಿನ ಗದ್ದೆ.
ನಾಟಿಯಾಗಿ ನಲವತ್ತು ದಿನ.
ಒಂದು ಬುಡ ಕಿತ್ತು ನೀರಲ್ಲಿ ಜಾಲಿಸಿದೆ.
ಮಣ್ಣು ಹೋಯಿತು, ಬಣ್ಣ ಹೋಗಲಿಲ್ಲ:
ಬೇರಿನುದ್ದಕ್ಕೂ ಇಟ್ಟಿಗೆಪುಡಿ ಮೆತ್ತಿದಂಥ ಕೆಂಪು.

ಕೆಸರಿನೊಳಗೆ ಗಾಳಿಯಿಲ್ಲ.
ಎಲೆ ಕುಡಿದದ್ದು ದಂಟಿನ ಟೊಳ್ಳಿನಲ್ಲಿಳಿದು
ಬೇರಿನ ಮೈಯಿಂದ ಒಂದಿಷ್ಟು ಹೊರಗೆ ಸೋರುತ್ತದೆ.
ಅಷ್ಟಕ್ಕೇ ಕಾದಿದ್ದ ಕೆಸರಿನ ಕಬ್ಬಿಣ
ಅಲ್ಲೇ ತುಕ್ಕಾಗಿ ಕೂರುತ್ತದೆ.
ಇದೆಲ್ಲ ಪುಸ್ತಕದಲ್ಲಿದೆ.
ಎಷ್ಟು ತುಕ್ಕು, ಎಷ್ಟು ಇನ್ನೂ ಆಗದೆ ಉಳಿದದ್ದು,
ಅದೊಂದು ಕೇಳಲು ಇಂದೋರಿನವರೆಗೆ ಹೋಗಿದ್ದೆ,
ನೈಟ್ರೋಜನ್ ತುಂಬಿದ ಸ್ಟೀಲ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು.
ಎದುರು ಸೀಟಿನಾಕೆ ಕೇಳಿದಳು, ಮೈಸೂರು ಪಾಕಾ?
ಅಲ್ಲ, ಬೇರು.
ಔಷಧಿಗಾ?
ಸುಮ್ಮನೆ, ನೋಡೋದಕ್ಕೆ.

ಅಲ್ಲಿ, ಉಂಗುರದಂಥ ಕಟ್ಟಡದೊಳಗೆ
ಎಲೆಕ್ಟ್ರಾನುಗಳು ಸುತ್ತುತ್ತಲೇ ಇರುತ್ತವೆ.
ಸಕ್ಕರೆ ಕಾರ್ಖಾನೆಯ ತಿರುವಿನಲ್ಲಿ
ತುಂಬಿದ ಗಾಡಿ ಕಬ್ಬಿನ ಜಲ್ಲೆ ಉದುರಿಸುವ ಹಾಗೆ
ತಿರುಗಿದಲ್ಲೆಲ್ಲ ಬೆಳಕು ಉದುರಿಸುತ್ತವೆ.
ಆಯ್ದುಕೊಳ್ಳುವವರು ನಾವು.
ಕನ್ನಡಿ ಬಾಗಿಸುತ್ತದೆ, ಗೆರೆ ಕೊರೆದ ಫಲಕ ಬಿಡಿಸುತ್ತದೆ,
ಕೂದಲೆಳೆಯ ಸೀಳಿನಿಂದ ಬೇಕಾದ ಒಂದೇ ಎಳೆ ಆಚೆಗೆ.
ಮೃದು ಎಕ್ಸ್-ಕಿರಣ ಅಂತ ಹೆಸರು.
ಮೃದು ಅಂದರೆ, ಬೆರಳಗಲ ಗಾಳಿಯನ್ನೂ ದಾಟಲಾರದ್ದು.

ಅದಕ್ಕೇ ಕೊಳವೆಯ ಗಾಳಿಯನ್ನೆಲ್ಲ ಹೀರಿ ತೆಗೆಯುತ್ತಾರೆ.
ಗೋಡೆಗೆ ಅಂಟಿದ ನೀರಿನ ಪಸೆಯೂ ಬಿಡಲೆಂದು
ಅಲ್ಯೂಮಿನಿಯಂ ಹಾಳೆ ಸುತ್ತಿ ಎರಡು ದಿನ ಬೇಯಿಸುತ್ತಾರೆ.
ಹಸಿ ಬೇರಿಗೆ ಪ್ರವೇಶವಿಲ್ಲ.
ಕೆಸರಲ್ಲಿ ಹುಟ್ಟಿದ್ದನ್ನು ಗರಿಗರಿಯಾಗಿ ಒಣಗಿಸಿ
ಇಂಗಾಲದ ಅಂಟುಪಟ್ಟಿಯ ಮೇಲೆ ಮಲಗಿಸಿದೆ.
ಉಸಿರಿನ ಗುರುತು ಹುಡುಕಲು ಉಸಿರೇ ಇಲ್ಲದ ಜಾಗ.
ನಗು ಬಂತು. ಯಾರಿಗೂ ಹೇಳಲಿಲ್ಲ.

ರಾತ್ರಿ ಮೂರಕ್ಕೆ ಪರದೆಯ ಮೇಲೆ ಗೆರೆ ಎದ್ದಿತು.
ಏಳುನೂರ ಹತ್ತರ ಹತ್ತಿರ ಒಂದು ಎತ್ತರ,
ಆಚೆಗೆ ಇನ್ನೊಂದು ಕುಳ್ಳು:
ಥೇಟ್ ಕುಂತಿಬೆಟ್ಟ, ಬಸ್ಸಿನ ಕಿಟಕಿಯಿಂದ ಕಂಡ ಹಾಗೆ.
ಎತ್ತರದ ಮಗ್ಗುಲಲ್ಲೊಂದು ಸಣ್ಣ ಹೆಗಲು.
ಅದು ಎಷ್ಟು ಉಬ್ಬಿದೆಯೋ ಅಷ್ಟು, ತುಕ್ಕಾಗದ ಕಬ್ಬಿಣ.

ಖಾತ್ರಿಗೆಂದು ಅದೇ ಜಾಗವನ್ನು ಇನ್ನೊಮ್ಮೆ ನೋಡಿದೆ.
ಹೆಗಲು ಬೆಳೆದಿತ್ತು.
ಮೂರನೇ ಸಲ ಇನ್ನಷ್ಟು.
ಪಾಟೀದಾರ್ ಚಹಾದ ಲೋಟದಿಂದ ತಲೆಯೆತ್ತದೆ ಅಂದರು:
ಬೆಳಕು ತಿನ್ನುತ್ತಿದೆ, ಜಾಗ ಬದಲಿಸಿ.

ನೋಡಿದಷ್ಟೂ ತುಕ್ಕು ಬಿಡುತ್ತಿತ್ತು.
ನಲವತ್ತು ದಿನ ಬೇರು ಕೂಡಿಟ್ಟದ್ದನ್ನು
ಇಪ್ಪತ್ತು ನಿಮಿಷದಲ್ಲಿ ನಾನು ಕಸಿಯತೊಡಗಿದ್ದೆ.
ಮೊದಲೇ ಡಬ್ಬಿಯ ಮುಚ್ಚಳದಲ್ಲಿ ಗಾಳಿ ನುಸುಳಿದ್ದರೆ
ಆ ತುಕ್ಕೂ ಇದರಲ್ಲೇ ಸೇರಿರುತ್ತದೆ.
ಗಾಳಿ ಹಾಕಿದ್ದು, ಬೆಳಕು ತೆಗೆದದ್ದು,
ನಡುವೆ ಬೇರು ಅಂದದ್ದು ಯಾವುದು?

ಈಗ ಮತ್ತೆ ಇಲ್ಲಿ, ಪ್ಯಾಂಟು ಮಡಚಿ ಮೊಣಕಾಲು ಕೆಸರಲ್ಲಿ.
ಕಳೆ ಕೀಳುತ್ತಿದ್ದ ಚಿಕ್ಕತಾಯಮ್ಮ
ನನ್ನ ಕೈಯ ಬುಡ ಇಸಕೊಂಡು ಮೂಸಿದಳು.
"ಇದು ಸಂದಾಗದೆ ಕನವ್ವ. ಕೆಂಪಗಿದ್ರೆ ಬದುಕ್ತದೆ.
ಆ ಮೂಲೇಲಿ ನೀರು ನಿಂತು ಕರ್ರಗಾಗವೆ ನೋಡು,
ಕೊಳ್ತ ಮೊಟ್ಟೆ ವಾಸ್ನೆ.
ಅವುನ್ಯಾಕೆ ತಕಂಡೋಗಲ್ಲ ನೀನು?"

ನನ್ನ ಅರ್ಜಿಯಲ್ಲಿ ಆ ಮೂಲೆ ಇರಲಿಲ್ಲ.
ಗಂಧಕದ ಗೆರೆ ಬರುವುದು ನೂರ ಅರವತ್ತರ ಆಸುಪಾಸು.
ಅಷ್ಟು ಕೆಳಗಿಳಿಯುವ ಫಲಕ ಅವರಲ್ಲಿದೆಯೋ ಇಲ್ಲವೋ,
ಪಾಟೀದಾರರನ್ನು ಕೇಳಬೇಕು.

ಸಂಜೆ ನಾಲೆಯ ಮೆಟ್ಟಿಲಲ್ಲಿ ಕಾಲು ತೊಳೆದೆ.
ಹೆಬ್ಬೆರಳ ಉಗುರಿನ ಸಂದಿಯ ಕೆಂಪು ಹೋಗಲಿಲ್ಲ.
ಉಜ್ಜಿದೆ. ಬಿಟ್ಟೆ.

ಮಂಡ್ಯದ ಬಸ್ಸಿನಲ್ಲಿ ತೊಡೆಯ ಮೇಲೆ ಎರಡು ಡಬ್ಬಿ.
ಒಂದರ ಮೇಲೆ ಚೀಟಿ: ಕೆಂಪು, ಕೊತ್ತತ್ತಿ, ನಲವತ್ತು.
ಇನ್ನೊಂದಕ್ಕೆ ಇನ್ನೂ ಬರೆದಿಲ್ಲ.
ಪಕ್ಕದವನು ಮೂಗು ಮುಚ್ಚಿಕೊಂಡು ಆಚೆ ಸರಿದ.
ಮುಚ್ಚಳ ಬಿಗಿಯಾಗಿ ತಿರುಪಿದ್ದೆನಲ್ಲ,
ಅಂದುಕೊಳ್ಳುವಷ್ಟರಲ್ಲಿ ಹೊಳೆಯಿತು:
ಒಳಗಿನದು ಹೀಗೆ ಹೊರಗೆ ಬರುತ್ತಿದ್ದರೆ
ಹೊರಗಿನದು